ಆಫೀಸಮ್ಮ ತಂದುಕೊಡುತ್ತಿದ್ದ ಪಿಂಚಣಿ

ಎಪ್ಪತ್ತು ದಾಟಿದವರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಪೂರ್ತಿ ಹೇಳಬೇಕೆಂದರೆ ಫಾರಂ ಅಕ್ಕ. ಅವಳಿಗೆ ನಲವತ್ತಾರು ವರ್ಷ. ಪಿಂಚಣಿ ಕಚೇರಿಯ ಎದುರಿಗೆ ನನ್ನದೊಂದು ಜೆರಾಕ್ಸ್ ಅಂಗಡಿ. ಅದರ ಪಕ್ಕದಲ್ಲಿ ಮಹಡಿಗೆ ಹತ್ತುವ ಮೆಟ್ಟಿಲು, ಮೆಟ್ಟಿಲ ಕೆಳಗೆ ಒಂದು ಮೇಜು ಹಿಡಿಸುವಷ್ಟು ಜಾಗ. ಎಂಟು ವರ್ಷದ ಹಿಂದೆ ಅವಳು ಬಂದು, "ಅಣ್ಣಾ, ಈ ಜಾಗ ಸುಮ್ಮನೆ ಬಿದ್ದಿದೆಯಲ್ಲ, ನಾನು ಕೂತ್ಕೊಳ್ಳಲಾ?" ಎಂದು ಕೇಳಿದಳು. ನಾನು ಹೂಂ ಅನ್ನುವ ಮೊದಲೇ ಅಲ್ಲಿದ್ದ ಖಾಲಿ ಡಬ್ಬಗಳನ್ನು ಪಕ್ಕಕ್ಕೆ ಸರಿಸಿದ್ದಳು.

ಅದಕ್ಕೂ ಮೊದಲು ಅವಳು ಒಬ್ಬ ವಕೀಲರ ಬಳಿ ಟೈಪಿಸ್ಟ್ ಆಗಿದ್ದಳು. ಟೈಪ್‌ರೈಟರ್ ಮೂಲೆ ಸೇರಿದ ಮೇಲೆ ಕೆಲಸವೂ ಹೋಯಿತು. ಕಾನೂನಿನ ಕಾಗದ ಓದಿ ಓದಿ ಬಂದಿದ್ದ ಅಭ್ಯಾಸ ಮಾತ್ರ ಉಳಿದಿತ್ತು. ಮೇಜಿನ ಮೇಲೆ ಇಂಕ್ ಪ್ಯಾಡು, ಗೋಂದು, ಬೇರೆ ಬೇರೆ ಪವರಿನ ಮೂರು ಹಳೆ ಕನ್ನಡಕ. ಬಂದವರಿಗೆ ಯಾವುದು ಹೊಂದುತ್ತದೋ ಅದನ್ನು ಕೊಟ್ಟು, "ನೀವೇ ಓದ್ಕೊಳ್ಳಿ, ಓದದೆ ಸಹಿ ಹಾಕ್ಬೇಡಿ" ಅನ್ನುವಳು. ಒಂದು ಫಾರಂ ತುಂಬಿಕೊಟ್ಟರೆ ಎರಡು ಟೀ ಕುಡಿಯುವಷ್ಟು ಹಣ, ಅದೂ ಇದ್ದವರಿಂದ.

ವರ್ಷಕ್ಕೊಮ್ಮೆ ಪಿಂಚಣಿದಾರರು ತಾವು ಬದುಕಿದ್ದೇವೆಂದು ಪ್ರಮಾಣಪತ್ರ ಕೊಡಬೇಕಲ್ಲ, ಆ ತಿಂಗಳು ಅವಳಿಗೆ ಉಸಿರಾಡಲೂ ಪುರುಸೊತ್ತಿಲ್ಲ. ನಿವೃತ್ತ ಡ್ರೈವರ್ ಒಬ್ಬರು ಪ್ರತಿ ವರ್ಷವೂ ಬಂದು ರೇಗುತ್ತಿದ್ದರು. "ನಾನು ಬದುಕಿದ್ದೀನಿ ಅಂತ ನಾನೇ ಬಂದು ಹೇಳ್ತಿದ್ದೀನಲ್ಲ, ಇನ್ನೇನು ಬೇಕು ಇವರಿಗೆ?" ಅಕ್ಕ ಅವರ ಕೈ ಹಿಡಿದು ಬೆರಳಿನ ಗುರುತು ಓದುವ ಯಂತ್ರದ ಮೇಲೆ ಇಟ್ಟು, "ನೀವು ಹೇಳಿದ್ರೆ ಸಾಲ್ದು ತಾತ, ನಿಮ್ಮ ಹೆಬ್ಬೆಟ್ಟು ಹೇಳ್ಬೇಕು" ಅನ್ನುವಳು. ಆ ಯಂತ್ರ ನನ್ನದು. ಸವೆದ ಬೆರಳುಗಳನ್ನು ಅದು ಮೂರು ಸಲ ನಿರಾಕರಿಸಿ ನಾಲ್ಕನೇ ಸಲ ಒಪ್ಪಿಕೊಳ್ಳುತ್ತಿತ್ತು.

ಮನೆಯಲ್ಲಿ ಅವಳೂ ಅವಳಮ್ಮನೂ ಇಬ್ಬರೇ. ಅಪ್ಪ ಊರಿನ ನೀರು ಸರಬರಾಜಿನ ಪಂಪ್‌ಹೌಸಿನಲ್ಲಿ ಆಪರೇಟರ್ ಆಗಿದ್ದವರು, ತೀರಿಕೊಂಡು ಇಪ್ಪತ್ಮೂರು ವರ್ಷವಾಗಿತ್ತು. ಅಪ್ಪನ ನೌಕರಿ ಕಾಯಂ ಆಗಿರಲಿಲ್ಲ, ಹಾಗಾಗಿ ಏನೂ ಬರಲಿಲ್ಲ ಎಂದು ಅಮ್ಮ ಹೇಳಿದ್ದಳು. ಅಕ್ಕನಿಗೆ ಆಗಷ್ಟೇ ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಅದನ್ನು ಬಿಟ್ಟು ಟೈಪಿಂಗ್ ಕಲಿತಳು. ಅಮ್ಮ ದಿಂಬಿನ ಚೀಲ ಹೊಲಿದಳು. "ಊರಿಗೆಲ್ಲ ಪೆನ್ಷನ್ ಕೊಡಿಸ್ತೀಯ, ನಿಮ್ಮಮ್ಮಂಗೊಂದು ಕೊಡಿಸು ನೋಡೋಣ" ಎಂದು ನಾನು ಎಷ್ಟೋ ಸಲ ತಮಾಷೆ ಮಾಡಿದ್ದೇನೆ. ಅವಳೂ ನಕ್ಕಿದ್ದಾಳೆ. ಅಮ್ಮನ ಕಾಗದ ಹುಡುಕುವ ಯೋಚನೆಯೇ ಅವಳಿಗೆ ಬಂದಿರಲಿಲ್ಲ. ಅಮ್ಮ ಹೇಳಿದ್ದನ್ನು ಯಾರು ಪರೀಕ್ಷೆ ಮಾಡುತ್ತಾರೆ?

ಒಂದು ಬೆಳಿಗ್ಗೆ ಗಂಟೆ ಅಜ್ಜಿ ಬಂದಳು. ಒಂದು ಶಾಲೆಯಲ್ಲಿ ಕಸ ಗುಡಿಸಿ, ಗಂಟೆ ಬಾರಿಸಿ ಮುಪ್ಪಾದವಳು. ಮಕ್ಕಳು ಇಟ್ಟ ಹೆಸರೇ ಅವಳಿಗೆ ಕಾಯಂ ಆಗಿತ್ತು.

"ನನ್ನ ಗಂಡನ ಪೆನ್ಷನ್ ನಾಲ್ಕು ತಿಂಗಳಿಂದ ನಿಂತುಹೋಗಿದೆಯಮ್ಮ."

"ಪಾಸ್‌ಬುಕ್ ಕೊಡಿ ಅಜ್ಜಿ."

"ಪಾಸ್‌ಬುಕ್ಕಾ? ಅದೆಲ್ಲ ಇಲ್ಲ. ಕೈಗೇ ಬರುತ್ತೆ. ಆಫೀಸಮ್ಮ ತಂದುಕೊಡ್ತಾರೆ."

ಅಕ್ಕನ ಪೆನ್ನು ನಿಂತಿತು. "ಯಾವ ಆಫೀಸಮ್ಮ?"

"ಹೆಸರು ಕೇಳಿಲ್ಲ. ನನ್ನ ವಯಸ್ಸಿನೋರೇ. ತಿಂಗಳು ತಿಂಗಳು ತಪ್ಪದೆ ಬರ್ತಿದ್ರು. ಲಕೋಟೇಲಿ ಹಾಕಿ ಕೊಟ್ಟು, ಒಂದು ಲೋಟ ನೀರು ಕುಡಿದು ಹೋಗ್ತಿದ್ರು. ತುಂಬ ಒಳ್ಳೆಯೋರು."

ಅಕ್ಕ ನನ್ನ ಮುಖ ನೋಡಿದಳು. ನನಗೂ ಅದೇ ಅನುಮಾನ. ಓದುಬರಹ ಬಾರದವರ ಪಿಂಚಣಿಯನ್ನು ತಾವೇ ಬಿಡಿಸಿಕೊಂಡು, ಅರ್ಧ ನುಂಗಿ ಅರ್ಧ ಕೊಡುವ ದಲ್ಲಾಳಿಗಳನ್ನು ನಾವು ಕಂಡಿದ್ದೆವು. ಅಕ್ಕ ಹಲ್ಲು ಕಡಿದಳು. ಕೋಪ ಬಂದಾಗ ಅವಳ ದವಡೆಯ ಸದ್ದು ನನ್ನ ಯಂತ್ರದ ಸದ್ದಿನ ನಡುವೆಯೂ ಕೇಳಿಸುತ್ತದೆ.

"ನಿಮ್ಮ ಯಜಮಾನ್ರು ಎಲ್ಲಿ ಕೆಲಸದಲ್ಲಿದ್ರು?"

"ನೀರಿನ ಪಂಪ್‌ಹೌಸಲ್ಲಿ ಸಹಾಯಕ. ಇಪ್ಪತ್ತೇಳು ವರ್ಷ ಆಯ್ತು. ತೊಟ್ಟಿ ತೊಳೆಯೋಕೆ ಇಳಿದಿದ್ರು. ಪೈಪಿನ ಜೋಡಣೆ ಬಿಟ್ಟುಹೋಗಿ ನೀರು ನುಗ್ಗಿತಂತೆ. ಮೇಲೆ ಬರಲಿಲ್ಲ."

ಅಕ್ಕನಿಗೆ ಅದು ನೆನಪಿತ್ತು. ಆಗ ಅವಳಿಗೆ ಹತ್ತೊಂಬತ್ತು. ಆ ದಿನ ಅಪ್ಪ ಒದ್ದೆ ಬಟ್ಟೆಯಲ್ಲೇ ಮನೆಗೆ ಬಂದು ಹಿತ್ತಲ ಕಲ್ಲಿನ ಮೇಲೆ ಕೂತಿದ್ದರಂತೆ, ಕರೆದರೂ ಏಳಲಿಲ್ಲವಂತೆ. "ನನ್ನಪ್ಪನೂ ಅಲ್ಲೇ ಇದ್ರು ಅಜ್ಜಿ, ಪಂಪ್ ನಡೆಸ್ತಿದ್ರು" ಎಂದಳು.

"ಹೌದಾ?" ಅಜ್ಜಿಯ ಮುಖ ಅರಳಿತು. "ಹಾಗಾದ್ರೆ ನೀನು ನಮ್ಮವಳೇ!"

ಅಜ್ಜಿಯ ಗಂಡನ ಹೆಸರನ್ನು ಬರೆದುಕೊಂಡು ಅಕ್ಕ ಕಚೇರಿಗೆ ನುಗ್ಗಿದಳು. ಅಲ್ಲಿನ ಕಡತದ ಗುಮಾಸ್ತರು ಒಳ್ಳೆಯವರು, ನಿಧಾನದವರು. ಕಂಪ್ಯೂಟರಿನಲ್ಲಿ ಹುಡುಕಿದರು, ರಿಜಿಸ್ಟರಿನಲ್ಲಿ ಬೆರಳಾಡಿಸಿದರು. "ಈ ಹೆಸರಿನ ಮೇಲೆ ಯಾರಿಗೂ ಯಾವ ಪೆನ್ಷನ್ನೂ ಹೋಗ್ತಿಲ್ಲವಲ್ಲ" ಎಂದರು. ಹೋಗದ ಪಿಂಚಣಿಯನ್ನು ಯಾವ ಆಫೀಸಮ್ಮ ತಂದುಕೊಡುತ್ತಿದ್ದಾಳೆ? ತಲೆ ಚಿಟ್ಟುಹಿಡಿದು ಅಕ್ಕ ಹೊರಗೆ ಬಂದಳು.

ಪಡಸಾಲೆಯ ಗೋಡೆಗೆ ಅಂದು ಹೊಸ ಪಟ್ಟಿ ಅಂಟಿಸಿದ್ದರು. ಬದುಕಿರುವ ಪ್ರಮಾಣಪತ್ರ ಕೊಡದೆ ಪಿಂಚಣಿ ತಡೆಹಿಡಿಯಲ್ಪಟ್ಟವರ ಪಟ್ಟಿ. ತನ್ನ ಕಡೆಯವರು ಯಾರಾದರೂ ಇದ್ದಾರೇನೋ ಎಂದು ಅಭ್ಯಾಸಬಲದಿಂದ ಬೆರಳಿಟ್ಟು ಓದುತ್ತ ಹೋದಳು. ಮೂವತ್ತೊಂದನೇ ಸಾಲಿನಲ್ಲಿ ಬೆರಳು ನಿಂತಿತು.

ಅಲ್ಲಿ ಅವಳ ಅಮ್ಮನ ಹೆಸರಿತ್ತು. ಪಕ್ಕದಲ್ಲಿ ಅಪ್ಪನ ಹೆಸರು. ಪಂಪ್ ಆಪರೇಟರ್. ಅವರದೇ ಮನೆಯ ನಂಬರು.

ನಾನು ಅಂಗಡಿಯಲ್ಲಿದ್ದವನು ಅವಳ ಕೂಗು ಕೇಳಿ ರಸ್ತೆ ದಾಟಿ ಓಡಿದೆ. ಅವಳು ಗುಮಾಸ್ತರ ಮೇಜು ಗುದ್ದುತ್ತಿದ್ದಳು. "ನನ್ನಮ್ಮನ ಹೆಸರಲ್ಲಿ ಯಾರೋ ಇಪ್ಪತ್ಮೂರು ವರ್ಷದಿಂದ ತಿಂತಿದ್ದಾರೆ! ನಿಮ್ಮ ಮೂಗಿನ ಕೆಳಗೇ! ನಾನು ದಿನಾ ಇಲ್ಲಿಗೆ ಬರ್ತೀನಿ, ನನ್ನ ಮನೆಗೇ ಕನ್ನ ಹಾಕಿದ್ದಾರೆ!"

ಗುಮಾಸ್ತರು ಬೆವರಿದರು. ಒಳಗೆ ಹೋಗಿ ಕಡತ ತಂದರು, ಧೂಳು ಕೊಡವಿದರು, ಮೊದಲ ಪುಟ ತೆಗೆದರು. ಅಲ್ಲೊಂದು ಫೋಟೋ. ಇಪ್ಪತ್ಮೂರು ವರ್ಷ ಚಿಕ್ಕವಳಾದ ಅವಳಮ್ಮ ನೇರವಾಗಿ ನಮ್ಮನ್ನೇ ನೋಡುತ್ತಿದ್ದಳು. ಕೆಳಗೆ ಸಹಿ. ಅಮ್ಮ ತನ್ನ ಹೆಸರಿನ ಕೊನೆಯ ಅಕ್ಷರಕ್ಕೆ ಉದ್ದನೆಯ ಬಾಲ ಎಳೆಯುತ್ತಾಳೆ. ಬಾಲವೂ ಅಲ್ಲೇ ಇತ್ತು.

"ಪ್ರತಿ ವರ್ಷ ಬ್ಯಾಂಕಲ್ಲೇ ಪ್ರಮಾಣಪತ್ರ ಕೊಟ್ಟಿದ್ದಾರೆ. ಈ ವರ್ಷ ಮಾತ್ರ ಕೊಟ್ಟಿಲ್ಲ" ಎಂದರು ಗುಮಾಸ್ತರು ಮೆಲ್ಲಗೆ.

ಅಕ್ಕ ಆ ಬಾಲದ ಮೇಲೆ ಬೆರಳಿಟ್ಟಳು. ನಾಲ್ಕು ತಿಂಗಳ ಹಿಂದೆ ಅವಳಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಳು. ಅಂದಿನಿಂದ ಹಾಸಿಗೆ ಬಿಟ್ಟು ಎದ್ದಿಲ್ಲ. ಅದಕ್ಕೆ ಮುಂಚೆ ಪ್ರತಿ ತಿಂಗಳ ಮೊದಲ ವಾರ, "ಹೊಲಿಗೆ ದಾರ ತರ್ತೀನಿ" ಎಂದು ಹೇಳಿ ಮಧ್ಯಾಹ್ನವಿಡೀ ಎಲ್ಲಿಗೋ ಹೋಗಿಬರುತ್ತಿದ್ದಳು. ನಾಲ್ಕು ತಿಂಗಳು. ಗಂಟೆ ಅಜ್ಜಿಯೂ ನಾಲ್ಕು ತಿಂಗಳೆಂದೇ ಹೇಳಿದ್ದಳು. ಅಕ್ಕ ನನ್ನ ತೋಳು ಹಿಡಿದುಕೊಂಡಳು.

ಅಂದು ಮನೆಯಲ್ಲಿ ನಡೆದದ್ದನ್ನು ಅವಳು ನನಗೆ ಹೇಳಿದ್ದು ಎಷ್ಟೋ ದಿನದ ಮೇಲೆ.

ಅಮ್ಮ ಕಿಟಕಿಯ ಪಕ್ಕದ ಮಂಚದಲ್ಲಿ ಒರಗಿ ದಿಂಬಿನ ಚೀಲದ ಅಂಚು ಮಡಚಿ ಹೊಲಿಯುತ್ತಿದ್ದಳು. ಅಕ್ಕ ಚಪ್ಪಲಿಯನ್ನೂ ಬಿಚ್ಚದೆ ಒಳಗೆ ಬಂದು, "ಆ ಪಟ್ಟೀಲಿ ನಿನ್ನ ಹೆಸರಿತ್ತಮ್ಮ" ಎಂದಳು.

ಅಮ್ಮ ತಲೆ ಎತ್ತಲಿಲ್ಲ. "ಇವತ್ತಲ್ಲ ನಾಳೆ ಇದು ಆಗುತ್ತೆ ಅಂತ ಗೊತ್ತಿತ್ತು."

"ಗಂಟೆ ಅಜ್ಜಿಗೆ ದುಡ್ಡು ಕೊಡೋ ಆಫೀಸಮ್ಮ ನೀನೇನಾ?"

"ನಾನೇ."

"ಯಾಕೆ?"

ಅಮ್ಮ ಹೊಲಿಗೆಯನ್ನು ಮಡಿಲಲ್ಲಿಟ್ಟಳು. "ತೊಟ್ಟಿಯೊಳಗೆ ಅವಳ ಗಂಡ ಇದ್ದ. ಮೇಲೆ ಬಂದಿದ್ದಾನೆ ಅಂದ್ಕೊಂಡು ನಿನ್ನಪ್ಪ ವಾಲ್ವ್ ತಿರುಗಿಸಿಬಿಟ್ರು. ಐದು ನಿಮಿಷ ಕಾದಿದ್ರೆ ಆಗ್ತಿತ್ತು. ಒಂದು ಸಲ ಕೂಗಿ ನೋಡಿದ್ರೂ ಆಗ್ತಿತ್ತು. ಆಮೇಲೆ ತಾವೇ ಧುಮುಕಿದ್ರು, ಸಿಗಲಿಲ್ಲ. ವಿಚಾರಣೆಗೆ ಬಂದೋರು ಪೈಪಿನ ಜೋಡಣೆ ಬಿಟ್ಟುಹೋಯ್ತು ಅಂತ ಬರ್ಕೊಂಡ್ರು. ನಿನ್ನಪ್ಪ ಸುಮ್ಮನಿದ್ರು. ಹಾಗೆ ಸುಮ್ಮನಿದ್ದಿದ್ದೇ ಅವರನ್ನ ಒಳಗಿಂದ ತಿಂದುಹಾಕ್ತು. ಬದುಕಿರೋ ತನಕ ಸಂಬಳದಲ್ಲಿ, ಆಫೀಸಿನ ದುಡ್ಡು ಅಂತ ಯಾರ ಕೈಲೋ ಅವಳಿಗೆ ಕಳಿಸಿದ್ರು. ಹೋಗೋ ಮುಂಚೆ ನನ್ನ ಕೈಲಿ ಮಾತು ತಗೊಂಡ್ರು."

"ನನ್ನ ಕಾಲೇಜು?" ಅಕ್ಕ ಮೊದಲು ಕೇಳಿದ್ದು ಅದನ್ನೇ.

ಅಮ್ಮ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳಂತೆ. "ಪೆನ್ಷನ್ ಮೊದಲ ಸಲ ಬಂದ ದಿನ ಬ್ಯಾಂಕಿನ ಬಾಗಿಲ ತನಕ ಹೋಗಿ ಎರಡು ಸಲ ವಾಪಸ್ ಬಂದೆ. ನಿನ್ನ ಸೀಟಿನ ಪತ್ರ ನನ್ನ ಕೈಚೀಲದಲ್ಲೇ ಇತ್ತು. ಮೂರನೇ ಸಲ ಒಳಗೆ ಹೋಗಿ ದುಡ್ಡು ತೆಗೆದೆ, ಅವಳಿಗೇ ಕೊಟ್ಟೆ. ಅವಳ ಚಿಕ್ಕ ಮಗಳಿಗೆ ಆಗ ಏಳು ವರ್ಷ. ನಿನಗೆ ಇಪ್ಪತ್ಮೂರು. ನೀನು ಹೇಗಾದ್ರೂ ನಿಂತ್ಕೋತೀಯ ಅಂದ್ಕೊಂಡೆ. ತಪ್ಪೋ ಸರಿಯೋ, ಇವತ್ತಿಗೂ ಗೊತ್ತಿಲ್ಲ ಕಣೆ."

"ಅವಳಿಗೆ ಪೆನ್ಷನ್ ಅಂತ ಸುಳ್ಳು ಯಾಕೆ ಹೇಳ್ದೆ?"

"ಸುಮ್ಮನೆ ಕೊಡ್ತೀನಿ ಅಂದ್ರೆ ಮುಟ್ತಿರಲಿಲ್ಲ. ನಿಜ ಹೇಳಿದ್ರೆ ಮುಖಕ್ಕೆ ಎಸೀತಿದ್ಲು."

ಅಕ್ಕ ಗೋಡೆಗೆ ಒರಗಿದಳು. ಇಷ್ಟರಲ್ಲೂ ಅವಳ ಕಸುಬು ಅವಳನ್ನು ಬಿಡಲಿಲ್ಲ. "ಅವಳ ನಿಜವಾದ ಪೆನ್ಷನ್ ಏನಾಯ್ತು? ಯಾರಾದ್ರೂ ಕೇಳಿದ್ರಾ?"

"ನಿನ್ನಪ್ಪ ಆಗಲೇ ಕೌಂಟರಲ್ಲಿ ಕೇಳಿದ್ರು. ದಿನಗೂಲಿಯವನು, ಒಂದು ಕಾಸೂ ಬರಲ್ಲ ಅಂದುಬಿಟ್ರು."

"ಬರುತ್ತಮ್ಮ!" ಅಕ್ಕ ಚೀರಿದಳು. "ಕೆಲಸದ ಮೇಲಿದ್ದಾಗ ಸತ್ರೆ ದಿನಗೂಲಿಯವರ ಮನೆಯವರಿಗೂ ಬರುತ್ತೆ! ಆಗಲೂ ಬರ್ತಿತ್ತು! ಎಂಟು ವರ್ಷದಿಂದ ನಾನು ಇದನ್ನೇ ಬರೀತಾ ಕೂತಿದ್ದೀನಿ. ಒಂದು ಮಾತು, ಒಂದೇ ಒಂದು ಮಾತು ನನ್ನ ಕೇಳಿದ್ರೆ..."

ಅಮ್ಮ ಕಣ್ಣು ಕಣ್ಣು ಬಿಟ್ಟಳು. ಆವರೆಗೆ ಗಟ್ಟಿಯಾಗಿದ್ದ ಮುಖ ಕುಸಿದೇಹೋಯಿತು ಎಂದಳು ಅಕ್ಕ. ಗಂಡ ಸತ್ತಾಗಲೂ ಅಮ್ಮ ಹಾಗೆ ಅತ್ತದ್ದನ್ನು ಅವಳು ನೋಡಿರಲಿಲ್ಲ. ಆ ಅಳುವಿಗೆ ಬೈಯುವುದೋ, ಕಣ್ಣೊರೆಸುವುದೋ ತಿಳಿಯದೆ ಅಕ್ಕ ಅಡುಗೆಮನೆಗೆ ಹೋಗಿ ಸುಮ್ಮನೆ ಪಾತ್ರೆ ತೊಳೆದಳು. ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದಳು.

ಮರುದಿನ ಮತ್ತೆ ಕಚೇರಿಗೆ ಹೋದಳು. ಅಂದು ಅವಳ ದನಿ ಏರಲಿಲ್ಲ. ಗುಮಾಸ್ತರು ಹಳೆ ದಾಖಲೆ ಕೋಣೆಯ ಬೀಗ ತೆಗೆಸಿದರು. ಇಬ್ಬರೂ ಮೂರು ದಿನ ಹುಡುಕಿದರು. ಮೂರನೇ ದಿನ ಕಪಾಟಿನ ಕೆಳಗಿನ ಖಾನೆಯಲ್ಲಿ ನೂಲಿನಿಂದ ಕಟ್ಟಿದ ಲಕೋಟೆಗಳ ಕಟ್ಟು ಸಿಕ್ಕಿತು. ಎಲ್ಲವೂ ವಿಳಾಸದಾರರು ಸಿಗದೆ ಅಂಚೆಯಲ್ಲಿ ವಾಪಸ್ ಬಂದವು. ಅದರಲ್ಲೊಂದರ ಮೇಲೆ ಗಂಟೆ ಅಜ್ಜಿಯ ಹೆಸರು. ಒಳಗೆ ಕುಟುಂಬ ಪಿಂಚಣಿಗೆ ಅರ್ಜಿ ಹಾಕಿಕೊಳ್ಳಿ ಎಂಬ ಇಲಾಖೆಯ ಪತ್ರ. ಸಹಾಯಕ ಸತ್ತ ಐದನೇ ತಿಂಗಳಲ್ಲಿ ಬರೆದದ್ದು. ಅಷ್ಟರಲ್ಲಿ ಅಜ್ಜಿ ಬಾಡಿಗೆ ಕೋಣೆ ಬಿಟ್ಟು, ಶಾಲೆಯ ಹಿಂದಿನ ಶೆಡ್ಡಿಗೆ ಬಂದಿದ್ದಳು. ವಾಪಸ್ ಬಂದ ಲಕೋಟೆಯನ್ನು ಯಾರೋ ಕಟ್ಟಿಗೆ ಸೇರಿಸಿ ಕೈತೊಳೆದುಕೊಂಡಿದ್ದರು. ಅಪ್ಪನಿಗೆ ಅಜ್ಜಿಯ ಹೊಸ ವಿಳಾಸ ಗೊತ್ತಿತ್ತು, ಪತ್ರದ ವಿಷಯ ಗೊತ್ತಿರಲಿಲ್ಲ. ಕಚೇರಿಗೆ ಪತ್ರದ ವಿಷಯ ಗೊತ್ತಿತ್ತು, ವಿಳಾಸ ಗೊತ್ತಿರಲಿಲ್ಲ.

ಗುಮಾಸ್ತರು ಲಕೋಟೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. "ಹದಿನಾರು ವರ್ಷದಿಂದ ನಾನು ಈ ಕಪಾಟಿನ ಮುಂದೇ ಕೂತಿದ್ದೀನಿ" ಎಂದು ಕನ್ನಡಕ ತೆಗೆದು ಒರೆಸಿಕೊಂಡರು.

ಇನ್ನು ಅಜ್ಜಿಗೆ ಹೇಳಬೇಕಿತ್ತು. ನಾನು ಬೇಡವೆಂದೆ. "ಸುಮ್ಮನೆ ಅರ್ಜಿ ಹಾಕಿಸು. ಹಣ ಬಂದರೆ ಸಾಕಲ್ಲ. ಹಳೇದನ್ನ ಯಾಕೆ ಕೆದಕ್ತೀಯ?" ಅಕ್ಕ ಒಪ್ಪಲಿಲ್ಲ. "ಈವರೆಗೆ ಪೆನ್ಷನ್ ಬಂದಿಲ್ಲ ಅಂತ ಅವಳು ಸಹಿ ಹಾಕ್ಬೇಕಣ್ಣ. ಓದದೆ ಸಹಿ ಹಾಕ್ಬೇಡಿ ಅಂತ ಊರಿಗೆಲ್ಲ ಹೇಳಿ, ಇವಳ ಹತ್ರ ಮಾತ್ರ ಮುಚ್ಚಿಟ್ಟು ಹಾಕಿಸ್ಲಾ?"

ಮೆಟ್ಟಿಲ ಕೆಳಗಿನ ಆ ಮೇಜಿನ ಮುಂದೆಯೇ ಹೇಳಿದಳು, ಒಂದನ್ನೂ ಬಿಡದೆ. ನಾನು ಕೆಲಸ ನಿಲ್ಲಿಸಿ ನಿಂತಿದ್ದೆ. ಅಜ್ಜಿಗೆ ಮೊದಲು ಅರ್ಥವಾಗಲಿಲ್ಲ. ಎರಡನೇ ಸಲ ಹೇಳಿಸಿಕೊಂಡಳು. ಆಮೇಲೆ ಮೇಜಿನ ಅಂಚು ಹಿಡಿದು ಎದ್ದಳು.

"ನಾನಿಷ್ಟು ವರ್ಷ ತಿಂದಿದ್ದು ನನ್ನ ಗಂಡನ ದುಡ್ಡಲ್ವಾ? ಅವರನ್ನ ಮುಳುಗಿಸಿದೋರ ದುಡ್ಡಾ?"

"ಅಜ್ಜಿ..."

"ಆಯಮ್ಮ ನನ್ನ ಮನೇಲಿ ನೀರು ಕುಡೀತಿದ್ಲಲ್ಲೇ! ಪ್ರತಿ ಸಲ ನನ್ನ ಕೈಯಿಂದ ಈಸ್ಕೊಂಡು ನೀರು ಕುಡೀತಿದ್ಲು!"

ಹೋದವಳು ಹಿಂತಿರುಗಿ ನೋಡಲಿಲ್ಲ. ಅವಳ ಕೊಡೆ ಮೇಜಿನ ಮೇಲೇ ಉಳಿಯಿತು. ಅಂದು ಅಕ್ಕ ಮತ್ತೊಂದು ಫಾರಂ ಮುಟ್ಟಲಿಲ್ಲ.

ಒಂಬತ್ತು ದಿನ ಕಳೆದು ಅಜ್ಜಿ ಬಂದಳು. ಪ್ಲಾಸ್ಟಿಕ್ ಚೀಲದಿಂದ ಗಂಡನ ಮರಣಪತ್ರ ತೆಗೆದು ಮೇಜಿನ ಮೇಲಿಟ್ಟಳು. "ಬರಿ. ನನ್ನ ಗಂಡನ ದುಡ್ಡು ನನಗೆ ಬರ್ಲಿ. ನಿಮ್ಮಮ್ಮನ ಸುದ್ದಿ ಮಾತ್ರ ನನ್ನ ಮುಂದೆ ಎತ್ತಬೇಡ." ಅಕ್ಕ ಬರೆದಳು. ಒಂದೊಂದು ಸಾಲನ್ನೂ ಓದಿ ಹೇಳಿದಳು. ಅಜ್ಜಿ ಹೆಬ್ಬೆಟ್ಟು ಒತ್ತಲಿಲ್ಲ. ಶಾಲೆಯ ಮಕ್ಕಳಿಂದ ಕಲಿತ ಸಹಿಯನ್ನು ಐದು ನಿಮಿಷ ಹಿಡಿದು ಹಾಕಿದಳು.

ಮಂಜೂರಾಗಲು ಏಳು ತಿಂಗಳು ಬೇಕಾಯಿತು. ಎರಡು ಸಲ ಅರ್ಜಿ ತಿರುಗಿ ಬಂತು, ಎರಡು ಸಲವೂ ಗುಮಾಸ್ತರೇ ಮೇಲಿನ ಕಚೇರಿಗೆ ಖುದ್ದಾಗಿ ಹೊತ್ತೊಯ್ದರು. ಬಾಕಿ ಹಣ ಪೂರ್ತಿ ಬರಲಿಲ್ಲ. ಅಷ್ಟು ಹಿಂದಿನದಕ್ಕೆ ನಿಯಮ ಒಪ್ಪಲಿಲ್ಲ, ಕೆಲವು ವರ್ಷದ್ದಷ್ಟೇ ಬಂತು. ತಿಂಗಳ ಪಿಂಚಣಿ ಮಾತ್ರ ಅಜ್ಜಿಯ ಸ್ವಂತ ಪಾಸ್‌ಬುಕ್ಕಿನಲ್ಲಿ ಬೀಳತೊಡಗಿತು.

ಅಷ್ಟರಲ್ಲಿ ಅಕ್ಕನ ಮನೆಯಲ್ಲಿ ಮಾತು ಹೆಚ್ಚುಕಡಿಮೆ ನಿಂತುಹೋಗಿತ್ತು. ಅಮ್ಮನಿಗೆ ಊಟ, ಔಷಧಿ, ಸ್ನಾನ ಯಾವುದರಲ್ಲೂ ಅವಳು ತಪ್ಪಲಿಲ್ಲ. ಆದರೆ ಎದುರಿಗೆ ಕೂತು ಮಾತಾಡುವುದು ಅವಳಿಂದ ಆಗುತ್ತಿರಲಿಲ್ಲ. "ಕೋಪ ಅಲ್ಲಣ್ಣ" ಎಂದಳು ಒಮ್ಮೆ. "ನನ್ನಮ್ಮನ ಪರಿಚಯವೇ ನನಗಿರಲಿಲ್ಲ ಅನ್ಸುತ್ತೆ. ಯಾರೋ ಬೇರೆಯವರು ಮನೆಗೆ ಬಂದು ಮಲಗಿದ ಹಾಗಿದೆ."

ಇಷ್ಟು ದಿನ ಅಕ್ಕ ಮುಂದೂಡುತ್ತಲೇ ಇದ್ದ ಅಮ್ಮನ ಪ್ರಮಾಣಪತ್ರ ಮಾಡಿಸಲು ಯಂತ್ರ ಹಿಡಿದು ನಾನೇ ಅವರ ಮನೆಗೆ ಹೊರಟಿದ್ದ ದಿನ ಅಂಗಡಿಯ ಮುಂದೆ ಗಂಟೆ ಅಜ್ಜಿ ನಿಂತಿದ್ದಳು. "ನಾನೂ ಬರ್ತೀನಿ" ಎಂದಳು. ಅಕ್ಕ ನನ್ನ ನೋಡಿದಳು, ನಾನು ಅಕ್ಕನನ್ನು ನೋಡಿದೆ. ಬೇಡ ಅನ್ನುವ ಧೈರ್ಯ ಇಬ್ಬರಿಗೂ ಬರಲಿಲ್ಲ.

ಕೋಣೆಯ ಬಾಗಿಲಲ್ಲಿ ಅಜ್ಜಿಯನ್ನು ಕಂಡದ್ದೇ ತಡ ಅಕ್ಕನ ಅಮ್ಮ ಏಳಲು ಹೋದಳು. ಸೊಂಟ ಬಿಡಲಿಲ್ಲ. ಅಜ್ಜಿ ಮಂಚದ ಪಕ್ಕದ ಕುರ್ಚಿಯಲ್ಲಿ ಕೂತು, ಅವಳ ಕಾಲನ್ನೇ ನೋಡುತ್ತ ಕೇಳಿದಳು:

"ಯಾವತ್ತು ಬಿದ್ದಿದ್ದು?"

"ಹನ್ನೊಂದು ತಿಂಗಳಾಯ್ತು."

"ಎರಡನೇ ತಿಂಗಳೂ ನೀವು ಬರದೇ ಇದ್ದಾಗ ಸತ್ತುಹೋದ್ರೇನೋ ಅಂದ್ಕೊಂಡಿದ್ದೆ. ಅತ್ತಿದ್ದೆ." ಅಜ್ಜಿಯ ದನಿ ಗಡುಸಾಗಿತ್ತು. "ಯಾಕೆ ಹೇಳಲಿಲ್ಲ ನನಗೆ?"

"ಹೆದರಿಕೆ. ಮೊದಮೊದಲು ನಿನ್ನ ಹೆದರಿಕೆ. ಆಮೇಲೆ, ನೀನು ಬಾಗಿಲು ತೆಗೆಯೋದಿಲ್ಲ ಅನ್ನೋ ಹೆದರಿಕೆ."

"ತೆಗೀತಿರಲಿಲ್ಲ."

"ಗೊತ್ತು."

ನಾನು ಮಾಡಲು ಬೇರೇನೂ ತೋಚದೆ ಯಂತ್ರ ಮುಂದೆ ಚಾಚಿದೆ. ಅಕ್ಕನ ಅಮ್ಮ ಹೆಬ್ಬೆರಳಿಟ್ಟಳು. ಹೊಲಿದು ಹೊಲಿದು ನುಣ್ಣಗಾದ ಬೆರಳು, ಯಂತ್ರ ಒಪ್ಪಲಿಲ್ಲ. ನಾಲ್ಕು ಸಲ, ಐದು ಸಲ. ಆರನೇ ಸಲ ಗಂಟೆ ಅಜ್ಜಿಗೆ ತಾಳ್ಮೆ ಕೆಟ್ಟಿತು. ಎದ್ದುಬಂದು ಆ ಬೆರಳನ್ನು ತನ್ನ ಬಟ್ಟೆಯಂಚಿನಿಂದ ಗಟ್ಟಿಯಾಗಿ ಒರೆಸಿ, ಯಂತ್ರದ ಮೇಲೆ ಒತ್ತಿ ಹಿಡಿದಳು. ಹಸಿರು ದೀಪ ಹತ್ತಿತು. ಅಜ್ಜಿ ತಕ್ಷಣ ಕೈಬಿಟ್ಟು ಹೊರಗೆ ನಡೆದಳು. ಟೀ ಕುಡಿದು ಹೋಗಿ ಎಂದು ಅಕ್ಕ ಕರೆದದ್ದಕ್ಕೆ, "ಇವತ್ತು ಬೇಡ" ಎಂದಷ್ಟೇ ಹೇಳಿದಳು. ಆಮೇಲೆ ಎರಡು ಸಲ ಬಂದಿದ್ದಾಳೆ. ಬಾಗಿಲ ಬಳಿ ನಿಂತು ಹೇಗಿದ್ದೀರಿ ಎಂದು ಕೇಳಿ ಹೋಗಿದ್ದಾಳೆ. ಕೂತಿಲ್ಲ.

ಅಮ್ಮನ ಪಿಂಚಣಿ ಈಗ ಅವರ ಮನೆಗೇ ಬರುತ್ತದೆ. ಮೊದಲ ತಿಂಗಳ ಹಣವನ್ನು ಅಮ್ಮ ಪೂರ್ತಿ ಅಕ್ಕನ ಕೈಗಿಟ್ಟು, "ಕಾಲೇಜಿಗೆ" ಎಂದಳಂತೆ. ನಲವತ್ತಾರನೇ ವಯಸ್ಸಿನಲ್ಲಿ! ಅಕ್ಕ ಅದನ್ನು ನನಗೆ ಹೇಳುವಾಗ ನಗಲು ಹೋದಳು. ಅರ್ಧದಲ್ಲೇ ನಿಲ್ಲಿಸಿ ಇಂಕ್ ಪ್ಯಾಡಿನ ಮುಚ್ಚಳ ಮುಚ್ಚಿದಳು. ಆ ಸಂಜೆಯಿಂದ ಅವರಿಬ್ಬರ ನಡುವೆ ಅಷ್ಟಿಷ್ಟು ಮಾತು ಶುರುವಾಗಿದೆ.

ವಾಪಸ್ ಬಂದ ಲಕೋಟೆಗಳ ಆ ಕಟ್ಟಿನಲ್ಲಿ ಒಟ್ಟು ನಲವತ್ತೆರಡು ಇದ್ದವು. ಅಧಿಕಾರಿಯ ಒಪ್ಪಿಗೆ ಪಡೆದು ಗುಮಾಸ್ತರು ಆ ವಿಳಾಸಗಳ ಪಟ್ಟಿ ಮಾಡಿಕೊಟ್ಟಿದ್ದಾರೆ. ಅಕ್ಕ ವಾರಕ್ಕೆರಡು ದಿನ ಮಧ್ಯಾಹ್ನ ಮೇಜು ಮುಚ್ಚಿ ಹುಡುಕಲು ಹೊರಡುತ್ತಾಳೆ. ಹಳೆ ಮನೆಯ ಮಾಲೀಕರು, ಅಂಚೆಯವರು, ಮೂಲೆಯ ಕಿರಾಣಿ ಅಂಗಡಿಯವರು, ಹೀಗೆ ಯಾರನ್ನೂ ಬಿಡದೆ ಕೇಳುತ್ತಾಳೆ. ಈವರೆಗೆ ಹನ್ನೊಂದು ಜನರ ಸುಳಿವು ಸಿಕ್ಕಿದೆ, ಅವರಲ್ಲಿ ನಾಲ್ವರು ತೀರಿಹೋಗಿದ್ದರು. ಕಳೆದ ವಾರ ಸಿಕ್ಕಿದ್ದು ಎಂಬತ್ತೊಂದು ವರ್ಷದ ಒಬ್ಬ ಮುದುಕಿ, ಕಣ್ಣು ಕಾಣದು. ಅಕ್ಕ ಪತ್ರ ಓದಿ ಹೇಳಿದಾಗ ಆಕೆ ನಂಬಲಿಲ್ಲವಂತೆ. "ಯಾರಮ್ಮ ನೀನು, ವಯಸ್ಸಾದೋರ ಹತ್ರ ಹೀಗೆಲ್ಲ ತಮಾಷೆ ಮಾಡ್ತೀಯ?" ಎಂದು ಗದರಿದಳಂತೆ. ಅಕ್ಕ ಎರಡನೇ ಸಲ ಓದಿದಳು, ಮೂರನೇ ಸಲವೂ ಓದಿದಳು. ಆಮೇಲೆ ಆ ಮುದುಕಿ ಪತ್ರವನ್ನು ಕೇಳಿ ಪಡೆದು, ಅದರ ಮೇಲೆಲ್ಲ ಬೆರಳಾಡಿಸಿ, "ಇದರಲ್ಲಿ ನನ್ನ ಯಜಮಾನ್ರ ಹೆಸರು ಎಲ್ಲಿದೆ, ತೋರಿಸು" ಎಂದು ತನ್ನ ಕೈಯನ್ನು ಅಕ್ಕನ ಮುಂದೆ ಚಾಚಿದಳಂತೆ.